ಹೊಸ ಡಿಸ್ಕ್, ಹಳೆಯ ಸೆಟ್ಟಿಂಗ್: ಲ್ಯಾಪ್‌ಟಾಪ್ ಏಕೆ ಏಳಲೊಲ್ಲದು?

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮದ್ದೂರು ದಾಟಿ ಮಂಡ್ಯದ ಕಡೆಗೆ ಹೊರಟರೆ ಸಿಗುವ ಊರು ಗೆಜ್ಜಲಗೆರೆ. ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೈರಿ ಇರುವುದು ಇಲ್ಲಿಯೇ. ಸುತ್ತಲಿನ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಿಂದ ಇಲ್ಲಿಗೆ ಹಾಲು ಬರುತ್ತದೆ. ಹಾಲಿನ ಹಿಂದೆ ಲೆಕ್ಕವೂ ಬರಬೇಕಲ್ಲ: ಯಾರ ಮನೆಯಿಂದ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಯಾರಿಗೆ ಎಷ್ಟು ಬಟವಾಡೆ. ಹಿಂದೆ ಇವೆಲ್ಲ ಉದ್ದನೆಯ ರಿಜಿಸ್ಟರುಗಳಲ್ಲಿ ಇರುತ್ತಿದ್ದವು. ಈಗ ಬಹಳ ಕಡೆ ಗಣಕಕ್ಕೆ ಬಂದಿವೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಅಂಥ ಒಂದು ಸಂಘದ ಕಾರ್ಯದರ್ಶಿಯವರು ಲ್ಯಾಪ್‌ಟಾಪ್ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. “ಮೇಷ್ಟ್ರೇ, ಹಳೇ ಡಿಸ್ಕ್ ತೆಗೆಸಿ ಹೊಸ ಎಸ್‌ಎಸ್‌ಡಿ ಹಾಕಿಸ್ದೆ. ಈಗ ಆನೇ ಆಯ್ತಿಲ್ಲ. ಫಾರ್ಮ್ಯಾಟ್ ಮಾಡ್ಬೇಕು, ಒಳಗಿರೋದೆಲ್ಲ ಹೋಯ್ತದೆ ಅಂತವ್ರೆ. ಮೂರು ವರ್ಷದ ಲೆಕ್ಕ ಅದರಲ್ಲೇ ಅದೆ” ಎಂದರು.

ಯಂತ್ರವನ್ನು ಚಾಲೂ ಮಾಡಿದೆವು. ತಯಾರಕರ ಲಾಂಛನ ಬಂತು, ವಿಂಡೋಸ್‌ನ ಚುಕ್ಕೆಗಳು ಎರಡು ಸುತ್ತು ತಿರುಗಿದವು, ಆಮೇಲೆ ನೀಲಿ ತೆರೆ. ಅದರ ಅಡಿಯಲ್ಲಿ ‘ಇನಾಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಸಂದೇಶ. ಚಾಲನೆಗೆ ಬೇಕಾದ ಡಿಸ್ಕ್ ಕೈಗೆ ಸಿಗುತ್ತಿಲ್ಲ ಎಂದು ಇದರ ಅರ್ಥ. ಹಳೆಯ ವಿಂಡೋಸ್‌ಗಳಲ್ಲಿ ಇದೇ ತೊಂದರೆ 0ಎಕ್ಸ್7ಬಿ ಎಂಬ ಸಂಖ್ಯೆಯಾಗಿ ಕಾಣುತ್ತಿತ್ತು. (ಮೈಕ್ರೋಸಾಫ್ಟ್ 2025ರಲ್ಲಿ ವಿಂಡೋಸ್ 11ರ ಈ ತೆರೆಯನ್ನು ನೀಲಿಯಿಂದ ಕಪ್ಪಿಗೆ ಬದಲಿಸಿತು. ಬಣ್ಣ ಬದಲಾದರೂ ಸಂದೇಶ ಅದೇ.)

“ಹಳೆಯ ಡಿಸ್ಕನ್ನು ವಾಪಸ್ ಹಾಕಿ ನೋಡಿದಿರಾ?” ಎಂದು ಕೇಳಿದೆ. ಅಂಗಡಿಯಲ್ಲಿ ಹಾಕಿ ನೋಡಿದ್ದರಂತೆ. ಅದೂ ಇದೇ ನೀಲಿ ತೆರೆಗೆ ಬಂದು ನಿಂತಿತಂತೆ. ಹಾಗಾಗಿ ಎರಡೂ ಹೋಗಿವೆ ಎಂದು ತೀರ್ಮಾನಿಸಿದ್ದರು.

ಇಲ್ಲಿ ಸ್ವಲ್ಪ ನಿಲ್ಲಿ. ಪ್ರಯೋಗಾಲಯದಲ್ಲಿ ಎರಡು ಬೇರೆ ಬೇರೆ ಮೀಟರುಗಳು ಒಂದೇ ತಪ್ಪು ಅಳತೆ ತೋರಿಸಿದರೆ ಎರಡೂ ಮೀಟರು ಕೆಟ್ಟಿವೆ ಎಂದು ನಾವು ಹೇಳುವುದಿಲ್ಲ. ಎರಡಕ್ಕೂ ಸಮಾನವಾದ ತಂತಿ, ಬ್ಯಾಟರಿ, ಸ್ವಿಚ್ಚುಗಳನ್ನು ನೋಡುತ್ತೇವೆ. ಹಿಂದಿನ ದಿನದವರೆಗೂ ಚೆನ್ನಾಗಿ ನಡೆಯುತ್ತಿದ್ದ ಹಾರ್ಡ್ ಡಿಸ್ಕ್, ಪೆಟ್ಟಿಗೆಯಿಂದ ಆಗ ತಾನೇ ತೆಗೆದ ಎಸ್‌ಎಸ್‌ಡಿ, ಇವೆರಡೂ ಒಂದೇ ಮಧ್ಯಾಹ್ನ ಒಂದೇ ರೀತಿ ಕೆಡುವುದು ನಂಬಲು ಕಷ್ಟ. ಹಾಗಾದರೆ ಎರಡಕ್ಕೂ ಸಮಾನವಾದದ್ದು ಏನು? ಡಿಸ್ಕ್ ಮತ್ತು ಪ್ರೊಸೆಸರ್ ನಡುವೆ ಕುಳಿತಿರುವ ಸಂಗ್ರಹ ನಿಯಂತ್ರಕ, ಅಂದರೆ ಸ್ಟೋರೇಜ್ ಕಂಟ್ರೋಲರ್. ಬಯಾಸ್ ತೆರೆದು ನೋಡಿದೆ. ‘ಸಾಟಾ ಮೋಡ್’ ಎಂಬಲ್ಲಿ ‘ಎಎಚ್‌ಸಿಐ’ ಎಂದಿತ್ತು. ಅಂಗಡಿಯವರಿಗೆ ಫೋನ್ ಮಾಡಿಸಿದಾಗ ವಿಷಯ ತಿಳಿಯಿತು: ಮೊದಲು ಅಲ್ಲಿ ‘ಐಡಿಇ’ ಎಂದಿತ್ತು, ಎಸ್‌ಎಸ್‌ಡಿಗೆ ಎಎಚ್‌ಸಿಐ ಬೇಕೆಂದು ಕೇಳಿದ್ದರಿಂದ ಬದಲಿಸಿದ್ದರು. ಅವರು ಕೇಳಿದ್ದು ಸುಳ್ಳಲ್ಲ. ಆದರೆ ಅದನ್ನು ಮಾಡುವ ಕ್ರಮ ಬೇರೆ.

ಮತ್ತೆ ‘ಐಡಿಇ’ಗೆ ತಿರುಗಿಸಿ, ಉಳಿಸಿ, ಹೊರಬಂದೆ. ವಿಂಡೋಸ್ ತಕರಾರಿಲ್ಲದೆ ತೆರೆದುಕೊಂಡಿತು. ಲೆಕ್ಕದ ಕಡತಗಳೆಲ್ಲ ಇದ್ದಲ್ಲಿಯೇ ಇದ್ದವು. ಮೊದಲು ಅವನ್ನು ಒಂದು ಪೆನ್ ಡ್ರೈವಿಗೆ ನಕಲು ಮಾಡಿಕೊಂಡೆವು. ಉಳಿದ ಮಾತು ಆಮೇಲೆ.

ನಿಮ್ಮ ಲ್ಯಾಪ್‌ಟಾಪಿಗೂ ಹೊಸ ಡಿಸ್ಕ್ ಹಾಕಿಸಿದ ದಿನವೇ ಹೀಗಾದರೆ ಫಾರ್ಮ್ಯಾಟ್ ಎಂಬ ಮಾತಿಗೆ ಒಪ್ಪುವ ಮೊದಲು ಈ ಒಂದು ಸೆಟ್ಟಿಂಗ್ ನೋಡಿ. ಎರಡು ಮೂರು ಬಾರಿ ಚಾಲನೆ ವಿಫಲವಾದ ಮೇಲೆ ವಿಂಡೋಸ್ ತಾನೇ ದುರಸ್ತಿಯ ತೆರೆ ತಂದು ‘ರೀಸೆಟ್ ದಿಸ್ ಪಿಸಿ’ ಎಂಬ ಗುಂಡಿಯನ್ನೂ ಮುಂದಿಡುತ್ತದೆ. ಗಾಬರಿಯಲ್ಲಿ ಅದನ್ನು ಒತ್ತಿ ಇದ್ದದ್ದನ್ನೂ ಕಳೆದುಕೊಂಡವರನ್ನು ನಾನು ಬಲ್ಲೆ.

ಐಡಿಇ, ಎಎಚ್‌ಸಿಐ ಎಂದರೇನು?

ಪ್ರೊಸೆಸರ್ ಡಿಸ್ಕಿನ ಜೊತೆ ನೇರವಾಗಿ ಮಾತನಾಡುವುದಿಲ್ಲ. ‘ಇಂಥ ಜಾಗದಿಂದ ಇಷ್ಟು ಓದಿ ಕೊಡು’ ಎಂದು ನಿಯಂತ್ರಕಕ್ಕೆ ಹೇಳುತ್ತದೆ. ಹೀಗೆ ಹೇಳುವುದಕ್ಕೆ ಒಂದು ಗೊತ್ತಾದ ರೀತಿ ಇರಬೇಕು. ಐಡಿಇ, ಎಎಚ್‌ಸಿಐ ಎಂಬವು ಅಂಥ ಎರಡು ರೀತಿಗಳು. ಕೇಬಲ್ ಬೇರೆಯಲ್ಲ, ಡಿಸ್ಕ್ ಬೇರೆಯಲ್ಲ. ಒಂದೇ ನಿಯಂತ್ರಕ ಎರಡು ಭಾಷೆಗಳಲ್ಲಿ ಒಂದನ್ನು ಆಡುವಂತೆ ಬಯಾಸ್‌ನಲ್ಲಿ ಆರಿಸುತ್ತೇವೆ, ಅಷ್ಟೆ.

ಐಡಿಇ 1980ರ ದಶಕದ ನಡುವಿನದು. ಕಾಂಪ್ಯಾಕ್, ವೆಸ್ಟರ್ನ್ ಡಿಜಿಟಲ್ ಮುಂತಾದ ಕಂಪನಿಗಳು ಡಿಸ್ಕಿನ ವಿದ್ಯುನ್ಮಾನ ಮಂಡಲವನ್ನು ಡಿಸ್ಕಿನ ಮೈಮೇಲೆಯೇ ಇಟ್ಟು ಈ ಪದ್ಧತಿಯನ್ನು ತಂದವು. ಹಳೆಯ ಗಣಕಗಳನ್ನು ಬಿಚ್ಚಿದವರಿಗೆ ಅದರ ಅಗಲವಾದ ಪಟ್ಟಿಯಂಥ ಕೇಬಲ್ ನೆನಪಿರಬಹುದು. 2003ರಲ್ಲಿ ಸಾಟಾ ಬಂದಾಗ ಆ ಪಟ್ಟಿ ಹೋಗಿ ಬೆರಳಗಲದ ಕೇಬಲ್ ಬಂತು. ಹೊಸ ಕೇಬಲ್ಲಿನ ಸಾಮರ್ಥ್ಯವನ್ನು ಪೂರ್ತಿ ಬಳಸಿಕೊಳ್ಳಲು 2004ರಲ್ಲಿ ಇಂಟೆಲ್ ಎಎಚ್‌ಸಿಐ ಎಂಬ ಹೊಸ ಪದ್ಧತಿಯನ್ನು ಪ್ರಕಟಿಸಿತು. ಆದರೆ ಆಗ ಎಲ್ಲೆಡೆ ಇದ್ದದ್ದು 2001ರ ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಎಎಚ್‌ಸಿಐ ಗೊತ್ತಿರಲಿಲ್ಲ. ಅನುಸ್ಥಾಪನೆಯ ಹೊತ್ತಿನಲ್ಲಿ ಎಫ್6 ಒತ್ತಿ ಫ್ಲಾಪಿಯಿಂದ ಚಾಲಕ ತಂತ್ರಾಂಶವನ್ನು ಕೊಡಬೇಕಾಗಿತ್ತು. ಫ್ಲಾಪಿಯೇ ಇಲ್ಲದ ಲ್ಯಾಪ್‌ಟಾಪಿನಲ್ಲಿ ಈ ಸರ್ಕಸ್ ಮಾಡಿದವರಿಗೇ ಗೊತ್ತು ಅದರ ಕಷ್ಟ! ಅದಕ್ಕಾಗಿ ತಯಾರಕರು ಹೊಸ ನಿಯಂತ್ರಕವೂ ಹಳೆಯ ಐಡಿಇಯಂತೆ ನಟಿಸುವ ಒಂದು ಸೆಟ್ಟಿಂಗನ್ನು ಬಯಾಸ್‌ನಲ್ಲಿ ಇಟ್ಟರು. 2007ರ ವಿಸ್ಟಾದಿಂದ ಮುಂದೆ ವಿಂಡೋಸ್‌ನಲ್ಲೇ ಎಎಚ್‌ಸಿಐ ಚಾಲಕ ಸೇರಿತು. ಆದರೂ ಕೆಲವು ಯಂತ್ರಗಳು ಹಳೆಯ ನಟನೆಯಲ್ಲೇ ಮಾರಾಟವಾದವು. ಕಾರ್ಯದರ್ಶಿಯವರದು 2010ರ ಯಂತ್ರ. ವಿಂಡೋಸ್ 7ರಿಂದ 10ಕ್ಕೆ ಏರಿದಾಗಲೂ ಆ ಸೆಟ್ಟಿಂಗ್ ಹಾಗೆಯೇ ಉಳಿದಿತ್ತು.

ಹಾಲಿನ ವ್ಯಾನು ಮತ್ತು ಡೈರಿಯ ಗೇಟು

ಐಡಿಇ ಪದ್ಧತಿಯಲ್ಲಿ ಒಂದು ಸಲಕ್ಕೆ ಒಂದೇ ಆಜ್ಞೆ. ಅದು ಮುಗಿದ ಮೇಲೆ ಮುಂದಿನದು. ಎಎಚ್‌ಸಿಐಯಲ್ಲಿ 32 ಆಜ್ಞೆಗಳನ್ನು ಒಟ್ಟಿಗೆ ಕೊಟ್ಟು, ‘ನಿನಗೆ ಅನುಕೂಲವಾದ ಕ್ರಮದಲ್ಲಿ ಮುಗಿಸು’ ಎಂದು ಹೇಳಬಹುದು. ಇದರಿಂದ ಏನು ಲಾಭ?

ಮೊದಲು ತಿರುಗುವ ಹಾರ್ಡ್ ಡಿಸ್ಕಿನ ಲೆಕ್ಕ ನೋಡೋಣ. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೆ 11.1 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಶಿರದ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 5.6 ಮಿಲಿಸೆಕೆಂಡ್ ಕಾಯಬೇಕು. ಶಿರವು ಸರಿಯಾದ ಪಥಕ್ಕೆ ಸರಿಯಲು ಸುಮಾರು 12 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಒಟ್ಟು 17.6. ಅಲ್ಲಲ್ಲಿ ಚದುರಿದ ಚೂರುಗಳನ್ನು ಓದಬೇಕಾದಾಗ ಸೆಕೆಂಡಿಗೆ ಹೆಚ್ಚೆಂದರೆ 57 ಚೂರು ಸಿಗುತ್ತವೆ. ಒಂದು ಚೂರು 4 ಕಿಲೋಬೈಟ್ ಆದರೆ ಸೆಕೆಂಡಿಗೆ ಸುಮಾರು 228 ಕಿಲೋಬೈಟ್! ಡಿಸ್ಕಿನ ಪೆಟ್ಟಿಗೆಯ ಮೇಲೆ ನೂರು ಮೆಗಾಬೈಟ್ ಎಂದು ಬರೆದಿದ್ದರೂ ವಿಂಡೋಸ್ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುವುದು ಏಕೆ ಎಂದು ಈಗ ಗೊತ್ತಾಯಿತಲ್ಲವೆ? ಚಾಲನೆಯ ಹೊತ್ತಿನಲ್ಲಿ ಓದಬೇಕಾದದ್ದು ಇಂಥ ಸಾವಿರಾರು ಚೂರುಗಳೇ.

ಈಗ ಗೆಜ್ಜಲಗೆರೆಯಿಂದ ಹೊರಟ ಒಂದು ಹಾಲಿನ ವ್ಯಾನನ್ನು ಊಹಿಸಿಕೊಳ್ಳಿ. ಮೊದಲು ಹನಕೆರೆಯಿಂದ ಫೋನ್ ಬಂತು, ಆಮೇಲೆ ನಿಡಘಟ್ಟದಿಂದ, ಆಮೇಲೆ ಮಂಡ್ಯದಿಂದ, ಕೊನೆಗೆ ಮದ್ದೂರಿನಿಂದ. ಫೋನ್ ಬಂದ ಕ್ರಮದಲ್ಲೇ ಹೋಗುವ ಚಾಲಕ ಇಡೀ ದಿನ ಹೆದ್ದಾರಿಯಲ್ಲಿ ಹಿಂದೆ ಮುಂದೆ ಓಡಾಡುತ್ತಾನೆ. ನಾಲ್ಕೂ ಕರೆಗಳನ್ನು ಚೀಟಿಯಲ್ಲಿ ಬರೆದುಕೊಂಡವನು ನಿಡಘಟ್ಟದಿಂದ ಆರಂಭಿಸಿ ಮದ್ದೂರು, ಹನಕೆರೆ, ಮಂಡ್ಯ ಎಂದು ಒಂದೇ ಓಟದಲ್ಲಿ ಮುಗಿಸುತ್ತಾನೆ. ಎಎಚ್‌ಸಿಐ ಡಿಸ್ಕಿಗೆ ಕೊಡುವುದು ಇಂಥ ಚೀಟಿಯನ್ನು.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಶಿರವೂ ಇಲ್ಲ. ಹಾಗಾದರೆ ಅಲ್ಲಿ ಚೀಟಿ ಏತಕ್ಕೆ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಎಸ್‌ಎಸ್‌ಡಿಯ ಒಳಗೆ ಹಲವು ಫ್ಲಾಷ್ ಚಿಪ್ಪುಗಳಿವೆ. ಅವು ಏಕಕಾಲದಲ್ಲಿ ಕೆಲಸ ಮಾಡಬಲ್ಲವು. ಡೈರಿಯಲ್ಲಿ ಎಂಟು ಟ್ಯಾಂಕರುಗಳಿಂದ ಒಟ್ಟಿಗೆ ಹಾಲು ಇಳಿಸುವ ವ್ಯವಸ್ಥೆ ಇದೆ ಎಂದುಕೊಳ್ಳಿ. ಗೇಟಿನವನು ಒಂದು ಟ್ಯಾಂಕರ್ ಖಾಲಿಯಾಗಿ ಹೊರಗೆ ಬರುವವರೆಗೆ ಇನ್ನೊಂದನ್ನು ಒಳಗೆ ಬಿಡದಿದ್ದರೆ ಏಳು ಜಾಗ ಸದಾ ಖಾಲಿ. ಐಡಿಇ ಅಂಥ ಗೇಟಿನವನು. ಹಾರ್ಡ್ ಡಿಸ್ಕಿನಲ್ಲಿ ಸರದಿ ಪಟ್ಟಿಯಿಂದ ಓಡಾಟ ಉಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಚಿಪ್ಪುಗಳು ಸುಮ್ಮನೆ ಕೂರುವುದು ತಪ್ಪುತ್ತದೆ. ಒಂದೇ ಸೆಟ್ಟಿಂಗ್, ಎರಡು ಬೇರೆ ಕಾರಣ.

ಲೆಕ್ಕದಲ್ಲಿ ಹೇಳುವುದಾದರೆ, ಒಂದು ಚೂರು ಓದಲು ಎಸ್‌ಎಸ್‌ಡಿಗೆ ಸುಮಾರು 0.1 ಮಿಲಿಸೆಕೆಂಡ್ ಹಿಡಿದರೆ ಒಂದೊಂದಾಗಿ ಕೇಳಿದಾಗ ಸೆಕೆಂಡಿಗೆ 10,000 ಚೂರು, ಅಂದರೆ 40 ಮೆಗಾಬೈಟ್. 32 ಆಜ್ಞೆಗಳನ್ನು ಒಟ್ಟಿಗೆ ಕೊಟ್ಟಾಗ 90,000ದ ಆಸುಪಾಸು ಓದಬಲ್ಲದು ಎಂದು ಸಾಟಾ ಎಸ್‌ಎಸ್‌ಡಿ ತಯಾರಕರು ಹೇಳಿಕೊಳ್ಳುವುದು ಸಾಮಾನ್ಯ. ಆದರೆ ಒಂದು ಮಾತು. ಪತ್ರ ಬರೆಯುವುದು, ಲೆಕ್ಕ ತುಂಬುವುದು, ಇಂಟರ್ನೆಟ್ ನೋಡುವುದು ಇಂಥ ದಿನನಿತ್ಯದ ಕೆಲಸಗಳಲ್ಲಿ 32 ಆಜ್ಞೆಗಳ ಸರದಿ ನಿಲ್ಲುವುದೇ ಅಪರೂಪ. 57ರಿಂದ 10,000ಕ್ಕೆ ಹೋದದ್ದು ಕಣ್ಣಿಗೆ ಕಾಣುತ್ತದೆ, ಅದು ಎಸ್‌ಎಸ್‌ಡಿಯ ಕೊಡುಗೆ. ಅಲ್ಲಿಂದ ಮುಂದಿನದು ಎಎಚ್‌ಸಿಐಯ ಕೊಡುಗೆ. ಅದು ಎಲ್ಲರಿಗೂ ಎದ್ದು ಕಾಣುವುದಿಲ್ಲ. ಹಾಗೆಯೇ ಹಳೆಯ ಲ್ಯಾಪ್‌ಟಾಪಿನ ಸಾಟಾ ಸೆಕೆಂಡಿಗೆ 3 ಗಿಗಾಬಿಟ್‌ನದಾಗಿದ್ದರೆ, ಒಂದು ಬೈಟಿಗೆ ತಂತಿಯ ಮೇಲೆ 10 ಬಿಟ್ ಕಳಿಸುವ ಪದ್ಧತಿಯಿಂದಾಗಿ ಗರಿಷ್ಠ ವೇಗ 300 ಮೆಗಾಬೈಟ್ ಮಾತ್ರ. ಎಸ್‌ಎಸ್‌ಡಿಯ ಮೇಲೆ 550 ಎಂದು ಬರೆದಿದ್ದರೂ ಅದು ಸಿಗದು. ಅಂಗಡಿಯವರ ಜೊತೆ ಜಗಳವಾಡಬೇಡಿ.

ಭೌತಶಾಸ್ತ್ರದ ಮೇಷ್ಟ್ರಾದ ನಾನು ಇಷ್ಟು ಹೇಳದಿದ್ದರೆ ತಪ್ಪಾದೀತು. ಫ್ಲಾಷ್ ಕೋಶದಲ್ಲಿ ಸುತ್ತಲೂ ನಿರೋಧಕದಿಂದ ಮುಚ್ಚಿದ ಒಂದು ಗೇಟಿದೆ. ಇದನ್ನು 1967ರಲ್ಲಿ ಬೆಲ್ ಪ್ರಯೋಗಾಲಯದ ಕಾಂಗ್ ಮತ್ತು ಸ್ಸೆ ರೂಪಿಸಿದರು. ಹತ್ತು ನ್ಯಾನೋಮೀಟರ್ ಆಸುಪಾಸಿನ ಆಕ್ಸೈಡ್ ಪದರವನ್ನು ಎಲೆಕ್ಟ್ರಾನುಗಳು ಹಾರಿ ದಾಟುವುದಿಲ್ಲ, ಸುರಂಗ ಕೊರೆದಂತೆ ತೂರಿ ಹೋಗುತ್ತವೆ. ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಹೀಗೆ ತೂರುವ ಸಿದ್ಧಾಂತವನ್ನು ಫೌಲರ್ ಮತ್ತು ನಾರ್ಡ್‌ಹೈಮ್ ಕೊಟ್ಟದ್ದು 1928ರಲ್ಲಿ. ತೋಷಿಬಾದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಇದರಿಂದ ಫ್ಲಾಷ್ ಸ್ಮೃತಿಕೋಶವನ್ನು ಮಾಡಿದರು. ಬಿಎಸ್ಸಿ ತರಗತಿಯಲ್ಲಿ ಟನಲಿಂಗ್ ಪಾಠ ಮಾಡುವಾಗ ‘ಸಾರ್, ಇದರ ಉಪಯೋಗ ಏನು?’ ಎಂದು ಕೇಳುವ ಹುಡುಗರ ಜೇಬಿನಲ್ಲೇ ಅದು ಇರುತ್ತದೆ.

ಈ ಕೋಶಗಳಿಗೆ ಒಂದು ವಿಚಿತ್ರ ಗುಣವಿದೆ. ಬರೆಯುವುದು ಪುಟ ಪುಟವಾಗಿ. ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಕಟ್ಟನ್ನು. ನೀವು ಕಡತವನ್ನು ಅಳಿಸಿದಾಗ ‘ಈ ಪುಟಗಳು ಇನ್ನು ಬೇಡ’ ಎಂದು ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸಬೇಕು. ಇದಕ್ಕೆ ಟ್ರಿಮ್ ಎಂದು ಹೆಸರು. 2009ರ ವಿಂಡೋಸ್ 7ರಿಂದ ಇದೆ. ಎಎಚ್‌ಸಿಐ ಇಲ್ಲದಿದ್ದರೆ ಟ್ರಿಮ್ ನಡೆಯುವುದೇ ಇಲ್ಲ ಎಂಬ ಮಾತು ಬಹಳ ಹಬ್ಬಿದೆ. ಮೈಕ್ರೋಸಾಫ್ಟ್‌ನದೇ ಐಡಿಇ ಚಾಲಕವಿದ್ದರೆ ಅದು ನಡೆಯುತ್ತದೆ. ಆ ಭಯದಿಂದ ಯಾರೂ ರಾತ್ರೋರಾತ್ರಿ ಬಯಾಸ್‌ಗೆ ಕೈಹಾಕಬೇಕಾಗಿಲ್ಲ.

ನೀಲಿ ತೆರೆ ಬರುವುದು ಹೇಗೆ?

ಮನೆಯ ಬೀಗದ ಕೈಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದೀರಾ? ಇಲ್ಲಿ ಆಗುವುದು ಅದೇ.

ಎಎಚ್‌ಸಿಐ ಮಾತನಾಡಬಲ್ಲ ಚಾಲಕ ತಂತ್ರಾಂಶ ವಿಂಡೋಸ್‌ನಲ್ಲಿ ಇದ್ದೇ ಇದೆ. ಆದರೆ ಅದು ಇರುವುದು ಡಿಸ್ಕಿನ ಒಳಗೆ. ಯಂತ್ರ ಏಳುವಾಗ ಮೊದಲ ಕೆಲವು ಕ್ಷಣ ಡಿಸ್ಕನ್ನು ಓದಿ ಕೊಡುವುದು ಬಯಾಸ್. ಅದರ ಸಹಾಯದಿಂದ ವಿಂಡೋಸ್‌ನ ಲೋಡರ್, ‘ಆರಂಭಕ್ಕೆ ಬೇಕು’ ಎಂದು ಗುರುತು ಹಾಕಿರುವ ಚಾಲಕಗಳನ್ನಷ್ಟೇ ಸ್ಮೃತಿಗೆ ತಂದುಕೊಳ್ಳುತ್ತದೆ. ಆಮೇಲೆ ಬಯಾಸ್ ಬದಿಗೆ ಸರಿದು ವಿಂಡೋಸ್ ತಾನೇ ಡಿಸ್ಕನ್ನು ಓದಲು ಹೊರಡುತ್ತದೆ. ಅನುಸ್ಥಾಪನೆಯ ದಿನ ಐಡಿಇ ಇದ್ದುದರಿಂದ ಅದಕ್ಕೆ ಬೇಕಾದ ಚಾಲಕಕ್ಕೆ ಗುರುತು ಬಿದ್ದಿತ್ತು. ಬಳಕೆಯಿಲ್ಲದ ಎಎಚ್‌ಸಿಐ ಚಾಲಕವನ್ನು, ಚಾಲನೆ ಬೇಗ ಆಗಲೆಂದು, ಬದಿಗಿಡಲಾಗಿತ್ತು. ಈಗ ನಿಯಂತ್ರಕ ಎಎಚ್‌ಸಿಐ ಆಡುತ್ತಿದೆ, ಕೈಯಲ್ಲಿರುವುದು ಐಡಿಇ ಚಾಲಕ. ಬೇಕಾದ ಚಾಲಕವನ್ನು ಡಿಸ್ಕಿನಿಂದ ತರಬೇಕು. ಡಿಸ್ಕನ್ನು ಓದಲು ಆ ಚಾಲಕವೇ ಬೇಕು. ವಿಂಡೋಸ್ ಕೈಚೆಲ್ಲುತ್ತದೆ.

ಹಳೆಯ ಡಿಸ್ಕ್ ಏಕೆ ಏಳಲಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಹೊಸ ಎಸ್‌ಎಸ್‌ಡಿ ಅದರದೇ ಪಡಿಯಚ್ಚು. ಎರಡರಲ್ಲೂ ಅದೇ ಗುರುತು, ಅದೇ ಕೊರತೆ.

ಕೆಲವೊಮ್ಮೆ ಯಾರೂ ಏನನ್ನೂ ಬದಲಿಸದೆಯೂ ಹೀಗಾಗುತ್ತದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಬಯಾಸ್‌ನ ಸೆಟ್ಟಿಂಗುಗಳನ್ನು ಉಳಿಸುವುದು ನಾಣ್ಯದಾಕಾರದ ಒಂದು ಚಿಕ್ಕ ಕೋಶ. ಅದು ಸವೆದಿದ್ದು, ಡಿಸ್ಕ್ ಹಾಕಲು ಮುಖ್ಯ ಬ್ಯಾಟರಿಯನ್ನೂ ಬಿಚ್ಚಿದರೆ ಬಯಾಸ್ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಗಡಿಯಾರವೂ ಹಿಂದೆ ಹೋಗಿದ್ದರೆ ಇದೇ ಕಾರಣವೆಂದು ತಿಳಿಯಿರಿ.

ಸರಿಯಾದ ಕ್ರಮ

ಮೊದಲ ಪ್ರಶ್ನೆ: ಬದಲಿಸಬೇಕೇ? ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ನಿಯಂತ್ರಕಗಳ ಸಾಲನ್ನು ಬಿಡಿಸಿ ನೋಡಿ. ‘ಸ್ಟಾಂಡರ್ಡ್ ಸಾಟಾ ಎಎಚ್‌ಸಿಐ ಕಂಟ್ರೋಲರ್’ ಎಂದಿದ್ದರೆ ಮಾಡಬೇಕಾದದ್ದು ಏನೂ ಇಲ್ಲ. ಈಚಿನ ಬಹುಪಾಲು ಯಂತ್ರಗಳಲ್ಲಿ ಐಡಿಇ ಆಯ್ಕೆಯೇ ಇಲ್ಲ.

ಬದಲಿಸುವುದಾದರೆ ಹಳೆಯ ಸೆಟ್ಟಿಂಗಿನಲ್ಲೇ ಹೊಸ ಡಿಸ್ಕ್ ಚೆನ್ನಾಗಿ ಏಳುತ್ತಿರಲಿ. ಮುಖ್ಯ ಕಡತಗಳ ಪ್ರತಿ ಬೇರೆಡೆ ಇರಲಿ. ಲಾಗಿನ್‌ಗೆ ನಾಲ್ಕಂಕಿಯ ಪಿನ್ ಬಳಸುವವರು ಖಾತೆಯ ಪೂರ್ಣ ಪಾಸ್‌ವರ್ಡ್ ನೆನಪಿಸಿಕೊಳ್ಳಿ. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೆ ಹೋಗಬಹುದು. ಆಮೇಲೆ ವಿಂಡೋಸ್ ಕೀಲಿ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆದ ಕಿಟಕಿಯಲ್ಲಿ ‘ಎಂಎಸ್‌ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ. ಬರುವ ಸಿಸ್ಟಂ ಕಾನ್ಫಿಗರೇಷನ್ ಕಿಟಕಿಯ ‘ಬೂಟ್’ ಪುಟದಲ್ಲಿ ‘ಸೇಫ್ ಬೂಟ್’ ಗುರುತು ಹಾಕಿ, ‘ಮಿನಿಮಲ್’ ಆರಿಸಿ ರೀಸ್ಟಾರ್ಟ್ ಕೊಡಿ. ಯಂತ್ರ ಏಳುವ ಮೊದಲೇ ಎಫ್2, ಎಫ್10 ಅಥವಾ ಡಿಲೀಟ್ (ತಯಾರಕರನ್ನು ಅವಲಂಬಿಸಿ) ಒತ್ತುತ್ತ ಬಯಾಸ್ ಒಳಗೆ ಹೋಗಿ. ಅಲ್ಲಿ ‘ಸಾಟಾ ಮೋಡ್’, ‘ಸಾಟಾ ಆಪರೇಷನ್’ ಅಥವಾ ‘ಸ್ಟೋರೇಜ್ ಕಂಟ್ರೋಲರ್’ ಎಂಬ ಹೆಸರಿನ ಸಾಲನ್ನು ಹುಡುಕಿ. ಈಗಿರುವ ಸ್ಥಾನವನ್ನು ಮೊದಲು ಕಾಗದದಲ್ಲಿ ಬರೆದುಕೊಂಡು, ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಆಮೇಲೆ ಎಎಚ್‌ಸಿಐಗೆ ಬದಲಿಸಿ ಉಳಿಸಿ.

ವಿಂಡೋಸ್ ಈಗ ಸೇಫ್ ಮೋಡ್‌ನಲ್ಲಿ ತೆರೆದುಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಅದು ಹಿಂದೆ ಬದಿಗಿಟ್ಟ ಮೂಲ ಚಾಲಕಗಳನ್ನೂ ತಂದು ಪರೀಕ್ಷಿಸುತ್ತದೆ. ಎಎಚ್‌ಸಿಐ ನಿಯಂತ್ರಕ ಕಂಡರೆ ಅದರ ಚಾಲಕಕ್ಕೆ ಇನ್ನು ಮುಂದೆ ಆರಂಭದಲ್ಲೇ ಬೇಕು ಎಂದು ಗುರುತು ಹಾಕಿಕೊಳ್ಳುತ್ತದೆ. ಬೀಗದ ಕೈ ಹೊರಗೆ ಬಂತು. ಮತ್ತೆ ಅದೇ ಕಿಟಕಿಗೆ ಹೋಗಿ ‘ಸೇಫ್ ಬೂಟ್’ ಗುರುತನ್ನು ತೆಗೆದು ರೀಸ್ಟಾರ್ಟ್ ಮಾಡಿ. ತೆಗೆಯಲು ಮರೆತರೆ ಪ್ರತಿ ಸಲವೂ ಸೇಫ್ ಮೋಡ್‌ಗೇ ಬರುತ್ತದೆ. ಅದು ಹೊಸ ರೋಗವಲ್ಲ.

ಇದು ವಿಂಡೋಸ್ 8ರಿಂದ ಈಚಿನವುಗಳಿಗೆ. ವಿಂಡೋಸ್ 7ರಲ್ಲಿ ಈ ಉಪಾಯ ನಡೆಯದು. ಸೆಟ್ಟಿಂಗ್ ಬದಲಿಸುವ ಮೊದಲೇ ರಿಜಿಸ್ಟ್ರಿಯಲ್ಲಿ ‘ಎಂಎಸ್‌ಎಎಚ್‌ಸಿಐ’ ಎಂಬ ಸೇವೆಯ ‘ಸ್ಟಾರ್ಟ್’ ಮೌಲ್ಯವನ್ನು 3ರಿಂದ 0ಗೆ ಇಳಿಸಬೇಕು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೂ, 10ಕ್ಕೆ 2025ರ ಅಕ್ಟೋಬರ್ 14ರಂದೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿದೆ. ಹಳೆಯ ಯಂತ್ರಕ್ಕೆ ಹಣ ಹಾಕುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಲ್ಲಿ ಮಾತ್ರ ನಿಧಾನ

ನಿಜವಾಗಿ ದತ್ತಾಂಶ ಕಳೆಯುವ ಸಂದರ್ಭಗಳು ಬೇರೆ ಇವೆ.

ಮೊದಲನೆಯದು ಬಿಟ್‌ಲಾಕರ್. ವಿಂಡೋಸ್ 11ರ 2024ರ ಆವೃತ್ತಿಯಿಂದ ಈಚೆಗೆ ಹೊಸದಾಗಿ ಅನುಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಬಹಳಷ್ಟು ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗಿರುತ್ತದೆ. ಮಾಲೀಕರಿಗೆ ಅದು ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ ಸೆಟ್ಟಿಂಗ್ ಬದಲಾದ ಕೂಡಲೇ ಯಾರೋ ಡಿಸ್ಕ್ ಕದ್ದಿದ್ದಾರೆಂದು ಸಂಶಯಪಟ್ಟು ಅದು 48 ಅಂಕಿಗಳ ಕೀಲಿ ಕೇಳಬಹುದು. ಕೀಲಿ ಸಿಗದಿದ್ದರೆ ಒಳಗಿರುವುದನ್ನು ಯಾವ ಅಂಗಡಿಯೂ ತೆಗೆದುಕೊಡಲಾರದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಸ್ಕ್ರೂ ಬಿಚ್ಚುವ ಮೊದಲೇ ಅದನ್ನು ನೋಡಿ ಕಾಗದಕ್ಕೆ ಇಳಿಸಿಕೊಳ್ಳಿ. ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಸೌಲಭ್ಯವಿದ್ದರೂ ಒಂದು ರೀಸ್ಟಾರ್ಟ್ ಆದ ಮೇಲೆ ಅದು ಮತ್ತೆ ಜಾರಿಗೆ ಬರುವುದುಂಟು. ಮೇಲೆ ಹೇಳಿದ ಕ್ರಮದಲ್ಲಿ ಎರಡು ಬಾರಿ ರೀಸ್ಟಾರ್ಟ್ ಇದೆ!

ಎರಡನೆಯದು ರೇಡ್. ಒಂದೇ ಡಿಸ್ಕ್ ಇರುವ ಎಷ್ಟೋ ಲ್ಯಾಪ್‌ಟಾಪುಗಳು ‘ರೇಡ್’ ಅಥವಾ ‘ಇಂಟೆಲ್ ಆರ್‌ಎಸ್‌ಟಿ’ ಸ್ಥಾನದಲ್ಲೇ ಮಾರಾಟವಾಗುತ್ತವೆ. ಇವನ್ನು ಎಎಚ್‌ಸಿಐಗೆ ತರಲು ಮೇಲಿನ ಕ್ರಮವೇ ಸಾಕು. ಇವುಗಳಲ್ಲಿ ವೇಗಕ್ಕಾಗಿ ಬದಲಿಸುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಲಿನಕ್ಸ್ ಹಾಕಲು ಹೊರಟಾಗ ಎನ್‌ವಿಎಂಇ ಡಿಸ್ಕ್ ಕಾಣದಿದ್ದರೆ ಬದಲಿಸುವುದು ನ್ಯಾಯ. ಆದರೆ ಎರಡು ಡಿಸ್ಕುಗಳನ್ನು ನಿಜವಾಗಿಯೇ ಜೋಡಿಸಿ ಒಂದಾಗಿ ಬಳಸುತ್ತಿದ್ದರೆ ಕೈಹಾಕಲೇಬೇಡಿ. ಹಾರ್ಡ್ ಡಿಸ್ಕಿನ ಜೊತೆ 16 ಅಥವಾ 32 ಗಿಗಾಬೈಟಿನ ಆಪ್ಟೇನ್ ಸ್ಮೃತಿ ಇರುವ ಲ್ಯಾಪ್‌ಟಾಪಾದರೆ, ಇಂಟೆಲ್‌ನ ತಂತ್ರಾಂಶದಿಂದ ಆ ಜೋಡಿಯನ್ನು ಮೊದಲು ಬಿಡಿಸಬೇಕು. ಬಿಡಿಸದೆ ಬದಲಿಸಿದರೆ ಡಿಸ್ಕಿನ ಮೇಲಿನ ಮಾಹಿತಿ ಅರ್ಧ ಅಲ್ಲಿ ಅರ್ಧ ಇಲ್ಲಿ ಎಂಬಂತಾಗುತ್ತದೆ.

ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಲ್ಯಾಪ್‌ಟಾಪುಗಳಲ್ಲಿ ಇದೇ ಸೆಟ್ಟಿಂಗ್ ‘ವಿಎಂಡಿ’ ಎಂಬ ಹೆಸರಿನಲ್ಲಿ ಕಾಣುತ್ತದೆ. ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಅನುಸ್ಥಾಪಿಸಲು ಹೊರಟವರಿಗೆ ಡಿಸ್ಕೇ ಇಲ್ಲ ಎಂಬ ಉತ್ತರ ಬರುವುದು ಇದರಿಂದಲೇ. ಖಾಲಿ ಡಿಸ್ಕಾದರೆ ವಿಎಂಡಿಯನ್ನು ನಿಲ್ಲಿಸಿ ಮುಂದುವರಿಯಬಹುದು, ಇಲ್ಲವೆ ಇಂಟೆಲ್‌ನ ಚಾಲಕವನ್ನು ಪೆನ್ ಡ್ರೈವಿನಿಂದ ಕೊಡಬಹುದು. ಎಫ್6ರ ಫ್ಲಾಪಿಯೇ ಹೊಸ ಅವತಾರದಲ್ಲಿ ಬಂದಿದೆ ನೋಡಿ. ಏಸರ್‌ನ ಕೆಲವು ಮಾದರಿಗಳಲ್ಲಿ ಈ ಸಾಲು ಅಡಗಿರುತ್ತದೆ. ಬಯಾಸ್‌ನ ‘ಮೇನ್’ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊರಬರುತ್ತದೆ.

ಕಾರ್ಯದರ್ಶಿಯವರ ಯಂತ್ರಕ್ಕೆ ಮರಳೋಣ. ಅದರಲ್ಲಿ ಬಿಟ್‌ಲಾಕರ್ ಇರಲಿಲ್ಲ, ಆಪ್ಟೇನ್ ಇರಲಿಲ್ಲ. ಸೇಫ್ ಮೋಡ್ ದಾರಿಯಲ್ಲಿ ಎಎಚ್‌ಸಿಐಗೆ ಬದಲಿಸಿದೆವು. ಹತ್ತು ನಿಮಿಷದ ಕೆಲಸ. ಯಂತ್ರ ಎದ್ದು ಲೆಕ್ಕದ ಹಾಳೆ ತೆರೆದಾಗ ಅವರು ಮೊದಲು ನೋಡಿದ್ದು ವೇಗವನ್ನಲ್ಲ, ಹಿಂದಿನ ಬಟವಾಡೆಯ ಮೊತ್ತವನ್ನು. ಪಾಸ್‌ಬುಕ್ಕಿನ ಜೊತೆ ತಾಳೆಯಾಯಿತು. “ಮತ್ತೆ ಎರಡೂ ಹೋಗವೆ ಅಂದ್ರಲ್ಲ ಮೇಷ್ಟ್ರೇ” ಎಂದರು. ಹಳೆಯ ಹಾರ್ಡ್ ಡಿಸ್ಕನ್ನು ಬಿಸಾಡಲು ಬಿಡದೆ ಎರಡೂವರೆ ಇಂಚಿನ ಯುಎಸ್‌ಬಿ ಪೆಟ್ಟಿಗೆಯೊಂದಕ್ಕೆ ಹಾಕಿಸಿದೆ. ಅದು ಈಗ ಸಂಘದ ಬೀರುವಿನಲ್ಲಿ ರಿಜಿಸ್ಟರುಗಳ ಪಕ್ಕದಲ್ಲಿದೆ. ಪ್ರತಿ ಬಟವಾಡೆ ಮುಗಿದ ಮೇಲೆ ಲೆಕ್ಕದ ಒಂದು ಪ್ರತಿ ಅದಕ್ಕೆ ಹೋಗುತ್ತದೆ.